ವ್ಯಾಜ್ಯ, ಪಂಚಾಯಿತಿ, ಒಡಂಬಡಿಕೆ

(ಸಂಘದ ವಾಚನಾಲಯದಲ್ಲಿ ಮಾಡಿದ ಭಾಷಣದ ಪಾಠ)



ರಾಜ್ಯೋತ್ಸವದ ದಿನಗಳಲ್ಲಿ ಸಾಹಿತ್ಯವನ್ನೋ ಸಂಗೀತವನ್ನೋ ಕುರಿತು ಮಾತನಾಡುವುದು ನಮ್ಮಲ್ಲಿ ವಾಡಿಕೆ. ಅದನ್ನು ಬಿಟ್ಟು ಮಾಲಿಕರ ಮತ್ತು ಕಾರ್ಮಿಕರ ವ್ಯಾಜ್ಯಗಳ ವಿಚಾರವನ್ನು ಎತ್ತಿಕೊಂಡುದಕ್ಕೆ ಕಾರಣ ಹೇಳಬೇಕಾದುದು ನ್ಯಾಯ. ಈ ಮುಂಬಯಿ ಪಟ್ಟಣಕ್ಕೆ ಬಂದ ಕನ್ನಡಿಗರಲ್ಲಿ ಬಹುಮಂದಿ ಬಂದದ್ದು ದುಡಿಯುವುದಕ್ಕೆ. ಹೋಟೆಲು, ಗಿರಣಿ, ಬಂದರು, ಬ್ಯಾಂಕು, ಕಚೇರಿ ಎಂದು ನಾನಾ ಕಡೆ ಚದರಿ, ಸಂಬಳದ ದಿನದಿಂದ ಸಂಬಳದ ದಿನಕ್ಕೆ ತಿಂಗಳನ್ನು ಎಣಿಸುವವರು ನಾವು. ಆ ಸಂಬಳವನ್ನು ಯಾರು ಗೊತ್ತುಮಾಡುತ್ತಾರೆ, ಅದರ ವಿಷಯದಲ್ಲಿ ಜಗಳ ಬಂದರೆ ಯಾರು ತೀರಿಸುತ್ತಾರೆ ಎಂಬುದು ನಮ್ಮ ಮನೆಯ ಒಲೆಗೆ ಸಂಬಂಧಪಟ್ಟ ವಿಷಯ. ಮನೆಯ ವಿಷಯವನ್ನು ಮನೆಯ ಮಾತಿನಲ್ಲಿ ಆಡಿಕೊಳ್ಳಬೇಕೆಂಬುದೇ ಈ ಪ್ರಯತ್ನದ ಉದ್ದೇಶ.

ಬ್ಯಾಂಕಿನ ಗುಮಾಸ್ತರಾದ ನಮ್ಮನ್ನು ಜನ ಎರಡು ಪ್ರಶ್ನೆ ಕೇಳುವುದುಂಟು. ಮುಷ್ಕರದ ಸುದ್ದಿ ಬಂದಾಗಲೆಲ್ಲ ಕೌಂಟರಿನ ಆಚೆ ನಿಂತ ಗಿರಾಕಿ ಕೇಳುತ್ತಾನೆ: “ನ್ಯಾಯಾಲಯ ಇದೆಯಲ್ಲ, ಬಾಗಿಲು ಮುಚ್ಚುವುದೇಕೆ?” ಅದೇ ಸಂಜೆ ನೌಕರರ ಸಭೆಯಲ್ಲಿ ಬಿಸಿರಕ್ತದ ತರುಣನೊಬ್ಬ ಕೇಳುತ್ತಾನೆ: “ಬಾಗಿಲು ಮುಚ್ಚಿದರೆ ತಾನಾಗಿ ಬಗ್ಗುತ್ತಾರೆ, ವರ್ಷಗಟ್ಟಲೆ ಮಾತುಕತೆ ಏಕೆ?” ಇಬ್ಬರೂ ಸಿಟ್ಟಿನಿಂದ ಕೇಳುತ್ತಾರೆ, ಇಬ್ಬರ ಪ್ರಶ್ನೆಯಲ್ಲೂ ಅರ್ಥವಿದೆ. ಆದುದರಿಂದ ಇಬ್ಬರಿಗೂ ಉತ್ತರ ಹೇಳಬೇಕು.

ನಮ್ಮ ತಿಳಿವಳಿಕೆಗೆ ನಿಲುಕಿದ ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಹೊರಗಿನವರು ಕೊಟ್ಟ ತೀರ್ಪು ವ್ಯಾಜ್ಯವನ್ನು ನಿಲ್ಲಿಸಬಲ್ಲದು. ಇಬ್ಬರೂ ಕೂಡಿ ಹಾಕಿದ ರುಜು ಮಾತ್ರ ಅದನ್ನು ತೀರಿಸಬಲ್ಲದು. ಆದರೆ ರುಜು ಹಾಕುವ ಮೇಜಿನ ಬಳಿಗೆ ಬರುವ ಶಕ್ತಿಯೇ ಇಲ್ಲದವರಿಗೆ ಮಧ್ಯಸ್ಥರೂ ಕಾಯಿದೆಯೂ ಇಲ್ಲದೆ ಗತಿಯಿಲ್ಲ. ಈ ಎರಡು ಮಾತನ್ನೂ ಜೊತೆಯಲ್ಲೇ ಹಿಡಿದುಕೊಳ್ಳಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಕುಂಟುತ್ತದೆ.

ಮೂರು ದಾರಿಗಳು

ವ್ಯಾಜ್ಯ ತೀರಿಸುವುದಕ್ಕೆ ಮೂರನೆಯವರು ಬರುವ ಬಗೆ ಮೂರು. ಹೆಸರುಗಳು ಕಲಸಿಹೋಗುವುದರಿಂದ ಒಂದೊಂದಾಗಿ ಬಿಡಿಸಿ ಹೇಳುವುದು ಮೇಲು.

ಮೊದಲನೆಯದು ಸಂಧಾನ. ಸರಕಾರದ ಸಂಧಾನಾಧಿಕಾರಿ ಇಬ್ಬರನ್ನೂ ಕರೆಸುತ್ತಾನೆ, ಇವರ ಮಾತನ್ನು ಅವರಿಗೂ ಅವರ ಮಾತನ್ನು ಇವರಿಗೂ ಮುಟ್ಟಿಸುತ್ತಾನೆ, ಸಮಾಧಾನ ಹೇಳುತ್ತಾನೆ. ತೀರ್ಪು ಕೊಡುವ ಅಧಿಕಾರ ಅವನಿಗಿಲ್ಲ. ಮದುವೆಯ ಮಾತುಕತೆಯಲ್ಲಿ ನಡುವೆ ಓಡಾಡುವ ಹಿರಿಯರಂತೆ ಅವನು. ಹೆಣ್ಣು ಗಂಡು ಒಪ್ಪದಿದ್ದರೆ ಅವನೇನೂ ಮಾಡಲಾರ.

ಎರಡನೆಯದು ಮಧ್ಯಸ್ಥಿಕೆ, ಎಂದರೆ ನಮ್ಮ ಹಳ್ಳಿಯ ಮಾತಿನಲ್ಲಿ ಪಂಚಾಯಿತಿ. ಇಬ್ಬರೂ ಸೇರಿ ಒಬ್ಬರನ್ನು ಆರಿಸಿ, “ನೀವು ಹೇಳಿದ್ದಕ್ಕೆ ಕಟ್ಟುಬಿದ್ದೇವೆ” ಎಂದು ಮೊದಲೇ ಬರೆದುಕೊಡುತ್ತಾರೆ. ಆ ಮಧ್ಯಸ್ಥನ ಅಧಿಕಾರ ಹುಟ್ಟುವುದು ಇಬ್ಬರ ಒಪ್ಪಿಗೆಯಿಂದ.

ಮೂರನೆಯದು ನ್ಯಾಯಮಂಡಲಿಯ ವಿಚಾರಣೆ. ಇಲ್ಲಿ ತೀರ್ಪುಗಾರನನ್ನು ಕಕ್ಷಿಗಾರರು ಆರಿಸುವುದಿಲ್ಲ, ಕಾಯಿದೆ ಕೂರಿಸುತ್ತದೆ. ಒಪ್ಪಲಿ ಬಿಡಲಿ, ತೀರ್ಪಿಗೆ ತಲೆಬಾಗಬೇಕು. 1947ರ ಕೈಗಾರಿಕಾ ವ್ಯಾಜ್ಯಗಳ ಕಾಯಿದೆ ಮುಖ್ಯವಾಗಿ ಈ ಮೂರನೆಯ ದಾರಿಯ ಮೇಲೆ ನಿಂತಿತ್ತು. ಇಬ್ಬರೂ ಒಪ್ಪಿ ಮಧ್ಯಸ್ಥನನ್ನು ಆರಿಸುವ ದಾರಿಯನ್ನು ಹತ್ತನೆಯ ಕಲಮಿನ ಬೆನ್ನಿಗೆ ಸೇರಿಸಿದ್ದು 1956ರ ತಿದ್ದುಪಡಿಯಲ್ಲಿ. ಸೇರಿಸಿದರೂ ಅದನ್ನು ತುಳಿದವರು ವಿರಳ. ತಮ್ಮ ಪಂಚನನ್ನು ತಾವೇ ಆರಿಸುವಷ್ಟು ನಂಬಿಕೆಯಿರುವ ಕಡೆ ಜಗಳ ಅಷ್ಟು ದೂರ ಬೆಳೆಯುವುದಿಲ್ಲ; ಬೆಳೆದ ಕಡೆ ಆ ನಂಬಿಕೆ ಉಳಿದಿರುವುದಿಲ್ಲ.

ಸಾಬರಮತಿಯ ದಡದಲ್ಲಿ

ಪಂಚಾಯಿತಿಯ ದಾರಿಗೆ ನಮ್ಮ ದೇಶದಲ್ಲಿ ಮೊದಲ ದೊಡ್ಡ ಉದಾಹರಣೆ ದೂರದಲ್ಲಿಲ್ಲ. ಇಲ್ಲಿಂದ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರದ ಅಹಮದಾಬಾದಿನಲ್ಲಿದೆ. 1917ರಲ್ಲಿ ಆ ಊರಿಗೆ ಪ್ಲೇಗು ಬಂತು. ಕೂಲಿಗಾರರು ಊರು ಬಿಟ್ಟು ಓಡದಿರಲೆಂದು ಗಿರಣಿ ಮಾಲಿಕರು ಸಂಬಳದ ಮೇಲೆ ಪ್ಲೇಗು ಬೋನಸ್ ಕೊಟ್ಟರು. ಕೆಲವರಿಗೆ ಅದು ಸಂಬಳದ ಮುಕ್ಕಾಲು ಪಾಲಿನಷ್ಟಾಯಿತು. ಪ್ಲೇಗು ಇಳಿಯಿತು, ಆದರೆ ಯುದ್ಧಕಾಲದ ಬೆಲೆ ಇಳಿಯಲಿಲ್ಲ. 1918ರ ಆರಂಭದಲ್ಲಿ ಮಾಲಿಕರು ಬೋನಸ್ ನಿಲ್ಲಿಸಹೊರಟಾಗ ಕೂಲಿಗಾರರು ನೂರಕ್ಕೆ 50ರಷ್ಟು ಹೆಚ್ಚಳ ಕೇಳಿದರು. ಮಾಲಿಕರು 20ರ ಮೇಲೆ ಏರಲಿಲ್ಲ.

ಗಾಂಧೀಜಿ ಆಗ ಮಾಡಿದ ಮೊದಲ ಕೆಲಸವನ್ನು ಲೆಕ್ಕ ಬರೆಯುವ ನಾವು ವಿಶೇಷವಾಗಿ ಗಮನಿಸಬೇಕು. ಅವರು ಮೊದಲು ಲೆಕ್ಕ ನೋಡಿದರು. ಮುಂಬಯಿಯ ಗಿರಣಿಗಳಲ್ಲಿ ಸಂಬಳವೆಷ್ಟು, ಅಹಮದಾಬಾದಿನ ಗಿರಣಿಗಳ ಸ್ಥಿತಿಯೇನು, ಸಂಸಾರದ ಖರ್ಚು ಎಷ್ಟು ಏರಿದೆ ಎಂದು ವಿಚಾರಿಸಿ, ನ್ಯಾಯವಾದದ್ದು 35 ಎಂದು ಗೊತ್ತುಮಾಡಿದರು. ಕೂಲಿಗಾರರನ್ನು 50ರಿಂದ 35ಕ್ಕೆ ಇಳಿಸಿದರು. ತನ್ನ ಪಕ್ಷದವರ ಬೇಡಿಕೆಯನ್ನು ತಾನೇ ಕತ್ತರಿಸಿ ಹೋರಾಟ ಶುರುಮಾಡಿದ ನಾಯಕರು ಆಗಲೂ ಈಗಲೂ ಕಡಿಮೆ.

ಅದಕ್ಕೂ ಮುಂಚೆ ಎರಡು ಕಡೆಯ ಪಂಚರ ಮಂಡಲಿಯೊಂದು ಏರ್ಪಟ್ಟಿತ್ತು, ಜಿಲ್ಲೆಯ ಕಲೆಕ್ಟರು ಸರಪಂಚರು. ಆದರೆ ಕೆಲವು ಗಿರಣಿಗಳ ಕೂಲಿಗಾರರು ಅವಸರಪಟ್ಟು ಕೆಲಸ ನಿಲ್ಲಿಸಿದರು. ಪಂಚಾಯಿತಿಯ ಮಾತು ಮುರಿಯಿತೆಂದು ಮಾಲಿಕರು ಅದರಿಂದ ಹೊರಬಂದರು. ಫೆಬ್ರುವರಿ 22ರಂದು ಗಿರಣಿಗಳಿಗೆ ಬೀಗ ಬಿತ್ತು. ಮಾಲಿಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕೂಲಿಗಾರರ ಬೆನ್ನಿಗೆ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ ಬೆನ್. ದಿನದಿನವೂ ಸಾಬರಮತಿಯ ದಡದಲ್ಲಿ ಜಾಲಿಯ ಮರದ ಕೆಳಗೆ ಸಭೆ. ಮಾರ್ಚಿ 12ರಂದು ಮಾಲಿಕರು, 20 ಒಪ್ಪಿದವರು ಒಳಗೆ ಬರಬಹುದೆಂದು ಬಾಗಿಲು ತೆರೆದರು. ಹಸಿವಿನಿಂದ ಜನರ ಮನಸ್ಸು ತೂಗಾಡತೊಡಗಿತು. 15ರಂದು ಗಾಂಧೀಜಿ ಉಪವಾಸ ಹಿಡಿದರು, 18ರಂದು ರಾಜಿಯಾಯಿತು.

ರಾಜಿಯ ಕರಾರು ಸೊಗಸಾಗಿದೆ. ಮೊದಲನೆಯ ದಿನ 35, ಕೂಲಿಗಾರರ ಪ್ರತಿಜ್ಞೆ ಉಳಿಯಲೆಂದು. ಎರಡನೆಯ ದಿನ 20, ಮಾಲಿಕರ ಮಾತು ಉಳಿಯಲೆಂದು. ಮೂರನೆಯ ದಿನದಿಂದ ಮಧ್ಯಸ್ಥರ ತೀರ್ಪು ಬರುವವರೆಗೆ ಎರಡರ ನಡುವಣ ಇಪ್ಪತ್ತೇಳೂವರೆ. ಮಧ್ಯಸ್ಥರೆಂದು ಇಬ್ಬರೂ ಒಪ್ಪಿದವರು ಆನಂದಶಂಕರ ಧ್ರುವ ಎಂಬ ವಿದ್ವಾಂಸರು. ಅವರು ಆ ವರ್ಷವೇ ಕೊಟ್ಟ ತೀರ್ಪು 35. ಕೂಲಿಗಾರರು ಪ್ರತಿಜ್ಞೆ ಮಾಡಿದ ಅಂಕಿಯೇ ಪಂಚರ ಕೈಯಿಂದಲೂ ಬಂತು.

ಈ ಕಥೆಯನ್ನು ಗೆಲುವಿನ ಕಥೆಯೆಂದು ಹೇಳಿ ಮುಗಿಸುವವರುಂಟು. ಗಾಂಧೀಜಿ ಹಾಗೆ ಮುಗಿಸಲಿಲ್ಲ. ಮಾಲಿಕರು ತನ್ನ ಸ್ನೇಹಿತರಾದುದರಿಂದ ತನ್ನ ಉಪವಾಸ ಅವರ ಮೇಲೆ ಒತ್ತಡವಾಯಿತು, ಆದುದರಿಂದ ಅದರಲ್ಲಿ ದೊಡ್ಡ ದೋಷವಿತ್ತು ಎಂದು ಆತ್ಮಕಥೆಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಒತ್ತಡವಿಲ್ಲದ ಪಂಚಾಯಿತಿ ಬೇಕೆಂದರೆ ಅದು ಜಗಳ ಬಂದ ದಿನ ಹುಟ್ಟತಕ್ಕದ್ದಲ್ಲ, ಮೊದಲೇ ಇರತಕ್ಕದ್ದು. 1920ರಲ್ಲಿ ಅನಸೂಯಾ ಬೆನ್ ಅವರ ಅಧ್ಯಕ್ಷತೆಯಲ್ಲಿ ಮಜೂರ್ ಮಹಾಜನ ಸಂಘ ಹುಟ್ಟಿತು. ಅದೇ ವರ್ಷ ಕೂಲಿಗಾರರ ಪರವಾಗಿ ಗಾಂಧೀಜಿ, ಮಾಲಿಕರ ಪರವಾಗಿ ಮಂಗಳದಾಸ ಗಿರಿಧರದಾಸರು ಸೇರಿದ ಕಾಯಂ ಪಂಚಾಯಿತಿ ಏರ್ಪಟ್ಟಿತು. ಮೊದಲು ಸಂಘ, ಆಮೇಲೆ ಪಂಚಾಯಿತಿ. ಕೂಲಿಗಾರರಿಗೆ ಸಂಘವಿಲ್ಲದಿದ್ದರೆ ಪಂಚರ ಮುಂದೆ ಅವರ ಪರವಾಗಿ ಕೂರುವವರೇ ಇರುತ್ತಿರಲಿಲ್ಲ.

ಬ್ಯಾಂಕುಗಳ ಹದಿಮೂರು ವರ್ಷ

ಇನ್ನು ನಮ್ಮ ವೃತ್ತಿಯ ಕಥೆಗೆ ಬರೋಣ. ಮೂರನೆಯ ದಾರಿಯಲ್ಲಿ, ಎಂದರೆ ನ್ಯಾಯಮಂಡಲಿಯ ದಾರಿಯಲ್ಲಿ, ಎಷ್ಟು ದೂರ ನಡೆದರೆ ಎಷ್ಟು ಸಾಗುತ್ತದೆಂಬುದಕ್ಕೆ ಬ್ಯಾಂಕು ನೌಕರರಷ್ಟು ಒಳ್ಳೆಯ ಸಾಕ್ಷಿ ಬೇರೊಬ್ಬರಿಲ್ಲ.

ಅಖಿಲ ಭಾರತ ಬ್ಯಾಂಕು ನೌಕರರ ಸಂಘ ಹುಟ್ಟಿದ್ದು 1946ರ ಏಪ್ರಿಲಿನಲ್ಲಿ, ಕಲಕತ್ತೆಯಲ್ಲಿ. ಆಗ ಸಂಬಳಕ್ಕೆ ನಿಯಮವೆಂಬುದಿರಲಿಲ್ಲ. ಪ್ರಾಂತಕ್ಕೊಂದು ತೀರ್ಪು, ಬ್ಯಾಂಕಿಗೊಂದು ಪದ್ಧತಿ. ಒಂದೇ ಬ್ಯಾಂಕು ಹಲವು ಪ್ರಾಂತಗಳಲ್ಲಿ ಶಾಖೆ ತೆರೆದಿರುವಾಗ ಇದು ಯಾರಿಗೂ ಹಿತವಲ್ಲ. ಆದುದರಿಂದ 1949ರಲ್ಲಿ ಕೇಂದ್ರ ಸರಕಾರ ಕೆ. ಸಿ. ಸೇನರ ಅಧ್ಯಕ್ಷತೆಯಲ್ಲಿ ಇಡೀ ದೇಶಕ್ಕೆ ಒಂದು ನ್ಯಾಯಮಂಡಲಿ ನೇಮಿಸಿತು. 1950ರಲ್ಲಿ ತೀರ್ಪು ಬಂತು. 1951ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಅಸಿಂಧುವೆಂದು ಹೇಳಿತು. ಸಂಬಳ ಹೆಚ್ಚೆಂದೂ ಅಲ್ಲ, ಕಡಿಮೆಯೆಂದೂ ಅಲ್ಲ. ಮಂಡಲಿಯ ಸದಸ್ಯರೊಬ್ಬರು ಕೆಲವು ತಿಂಗಳು ಬೇರೆ ಕೆಲಸದ ಮೇಲೆ ಹೋಗಿದ್ದಾಗ ಉಳಿದವರು ವಿಚಾರಣೆ ನಡೆಸಿದ್ದರು, ಮಂಡಲಿಯ ರಚನೆ ಕ್ರಮಬದ್ಧವಾಗಿರಲಿಲ್ಲ ಎಂದು! ತಿಂಗಳುಗಟ್ಟಲೆಯ ಸಾಕ್ಷ್ಯ, ವಾದ, ಕಾಗದ ಎಲ್ಲವೂ ಒಂದು ಕಾನೂನಿನ ತೊಡಕಿನಲ್ಲಿ ಮುಳುಗಿತು.

ಮತ್ತೆ 1952ರಲ್ಲಿ ಪಂಚಾಪಕೇಶ ಶಾಸ್ತ್ರಿಯವರ ಮಂಡಲಿ. 1953ರಲ್ಲಿ ಅದರ ತೀರ್ಪು. ಬ್ಯಾಂಕುಗಳನ್ನು ಬಂಡವಾಳದ ಪ್ರಮಾಣ ನೋಡಿ ವರ್ಗ ಮಾಡಿದರು, ಊರುಗಳನ್ನೂ ವರ್ಗ ಮಾಡಿದರು. ಒಂದೇ ತರಗತಿಯ ಗುಮಾಸ್ತನಿಗೆ ಬ್ಯಾಂಕು ಬದಲಾದರೆ ಒಂದು ಸಂಬಳ, ಊರು ಬದಲಾದರೆ ಇನ್ನೊಂದು ಸಂಬಳ. ಇಬ್ಬರೂ ಮೇಲ್ಮನವಿ ಹೋದರು. 1954ರ ಏಪ್ರಿಲಿನಲ್ಲಿ ಕಾರ್ಮಿಕ ಮೇಲ್ಮನವಿ ನ್ಯಾಯಮಂಡಲಿ ತೀರ್ಪು ಕೊಟ್ಟಿತು. ಆಗಸ್ಟಿನಲ್ಲಿ ಕೇಂದ್ರ ಸರಕಾರ ಆ ತೀರ್ಪನ್ನು ನೌಕರರಿಗೆ ನಷ್ಟವಾಗುವಂತೆ ಮಾರ್ಪಡಿಸಿತು.

ಇಲ್ಲಿ ಒಬ್ಬರ ನಡತೆಯನ್ನು ನೆನೆಯದೆ ಮುಂದೆ ಹೋಗಲಾಗದು. ಆಗ ಕೇಂದ್ರದ ಕಾರ್ಮಿಕ ಮಂತ್ರಿಗಳು ವಿ. ವಿ. ಗಿರಿಯವರು, ಮುಂದೆ ಮೈಸೂರಿನ ರಾಜ್ಯಪಾಲರಾಗಿ, ರಾಷ್ಟ್ರಪತಿಗಳಾಗಿ ಕನ್ನಡಿಗರಿಗೆಲ್ಲ ಪರಿಚಿತರಾದವರು. ಬಲವಂತದ ತೀರ್ಪುಗಳಿಂದ ಕಾರ್ಮಿಕರ ಸ್ವಂತ ಶಕ್ತಿ ಕುಗ್ಗುತ್ತದೆ, ಮಾಲಿಕರೂ ಕಾರ್ಮಿಕರೂ ನೇರವಾಗಿ ಕುಳಿತು ತೀರಿಸಿಕೊಳ್ಳಬೇಕು ಎಂಬುದು ಅವರು ಬಾಳೆಲ್ಲ ಹೇಳಿದ ಮಾತು. ನ್ಯಾಯಮಂಡಲಿಯ ದಾರಿಯಲ್ಲಿ ನಂಬಿಕೆಯಿಲ್ಲದ ಆ ಮನುಷ್ಯರೇ, ನ್ಯಾಯಮಂಡಲಿ ಕೊಟ್ಟ ತೀರ್ಪನ್ನು ಸರಕಾರ ತಿದ್ದಿತೆಂದು ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ಇದರಲ್ಲಿ ವಿರೋಧವಿಲ್ಲ. ದಾರಿ ನಮಗೆ ಇಷ್ಟವಿರಲಿ ಇಲ್ಲದಿರಲಿ, ನೌಕರರನ್ನು ಆ ದಾರಿಗೆ ಕಳುಹಿಸಿದ ಮೇಲೆ ಕೊನೆಯಲ್ಲಿ ಸಿಕ್ಕಿದ್ದನ್ನು ಕಿತ್ತುಕೊಳ್ಳಬಾರದು ಎಂಬುದೇ ಅವರ ನ್ಯಾಯ.

ಸರಕಾರ ಆಮೇಲೆ ನ್ಯಾಯಮೂರ್ತಿ ರಾಜಾಧ್ಯಕ್ಷರ ಆಯೋಗವನ್ನು ನೇಮಿಸಿತು. ಕೆಲಸ ಮುಗಿಯುವ ಮೊದಲೇ ಅವರು ತೀರಿಕೊಂಡರು. ಅದನ್ನು ಪೂರೈಸಿದವರು ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡಕರರು. ಹೆಸರೇ ಹೇಳುವಂತೆ ಅವರ ಮನೆತನದ ಮೂಲ ನಮ್ಮ ಗಜೇಂದ್ರಗಡ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರು. ಮುಂದೆ 1964ರಲ್ಲಿ ದೇಶದ ಮುಖ್ಯ ನ್ಯಾಯಾಧೀಶರಾದವರು. 1955ರಲ್ಲಿ ಅವರು ಕೊಟ್ಟ ವರದಿಯನ್ನು ಅನುಸರಿಸಿ ಸಂಸತ್ತು ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಅದರ ಅವಧಿ 1959ಕ್ಕೆ ಮುಗಿಯಿತು. ಮತ್ತೆ ವ್ಯಾಜ್ಯ, 1960ರಲ್ಲಿ ನ್ಯಾಯಮೂರ್ತಿ ಕೆ. ಟಿ. ದೇಸಾಯಿಯವರ ರಾಷ್ಟ್ರೀಯ ನ್ಯಾಯಮಂಡಲಿ; 1962ರಲ್ಲಿ ಅವರ ತೀರ್ಪು.

ಎಣಿಸಿ ನೋಡಿ. 1949ರಿಂದ 1962ರವರೆಗೆ ಹದಿಮೂರು ವರ್ಷ. ಮೂರು ದೊಡ್ಡ ತೀರ್ಪು, ಒಂದು ಮೇಲ್ಮನವಿ, ಒಂದು ಆಯೋಗ, ಒಬ್ಬ ಮಂತ್ರಿಗಳ ರಾಜೀನಾಮೆ. “ಗೆದ್ದವನು ಸೋತ, ಸೋತವನು ಸತ್ತ” ಎಂದು ನಮ್ಮ ಹಿರಿಯರು ವ್ಯಾಜ್ಯದ ವಿಷಯದಲ್ಲಿ ಆಡಿದ ಗಾದೆ ಸುಳ್ಳಲ್ಲ. ಆದರೆ ನ್ಯಾಯಮಂಡಲಿಗಳಿಂದ ಪ್ರಯೋಜನವೇ ಆಗಲಿಲ್ಲವೆಂದರೆ ಕೃತಘ್ನತೆಯಾದೀತು. ಸಂಬಳಕ್ಕೆ ಶ್ರೇಣಿಯೆಂಬುದನ್ನೂ, ಬೆಲೆಯೊಡನೆ ತುಟ್ಟಿಭತ್ಯ ಏರಬೇಕೆಂಬುದನ್ನೂ, ವಿಚಾರಣೆಯಿಲ್ಲದೆ ಶಿಕ್ಷೆ ಕೂಡದೆಂಬುದನ್ನೂ ಇಡೀ ದೇಶದ ಬ್ಯಾಂಕುಗಳಿಗೆ ಒಂದೇ ಬರಹದಲ್ಲಿ ಇಳಿಸಿದ್ದು ಆ ತೀರ್ಪುಗಳೇ. ಶಾಸ್ತ್ರಿ ತೀರ್ಪು, ದೇಸಾಯಿ ತೀರ್ಪು ಎಂಬ ಹೆಸರು ಇಂದಿಗೂ ನಮ್ಮ ನಡುವೆ ಕೇಳಿಬರುತ್ತವೆ.

ಮುಚ್ಚಿದ ಪುಸ್ತಕ

ಈ ದಾರಿಯ ಇನ್ನೊಂದು ತೊಡಕನ್ನು ವಾಣಿಜ್ಯಶಾಸ್ತ್ರ ಓದಿದವರು ಮರೆಯಬಾರದು. “ಹೆಚ್ಚು ಕೊಡುವ ಶಕ್ತಿ ನಮಗಿಲ್ಲ” ಎಂದು ಮಾಲಿಕ ಹೇಳಿದರೆ, “ಲೆಕ್ಕ ತೋರಿಸಿ” ಎನ್ನುವುದು ಪಂಚರ ಮೊದಲ ಮಾತಾಗಬೇಕು. ಬ್ಯಾಂಕುಗಳಿಗಾದರೋ ಗುಪ್ತ ನಿಧಿಗಳಿರುತ್ತವೆ. ವಸೂಲಾಗದ ಸಾಲಗಳಿಗೆಂದು ತೆಗೆದಿರಿಸಿದ ಮೊತ್ತಗಳಿರುತ್ತವೆ. ಅವು ಬಯಲಾದರೆ ಜನರ ನಂಬಿಕೆ ಕದಡೀತೆಂಬ ಕಾರಣದಿಂದ, 1960ರಲ್ಲಿ ಬ್ಯಾಂಕಿಂಗ್ ಕಾಯಿದೆಗೆ ಹೊಸ ಕಲಮು ಸೇರಿಸಿದರು. ಆ ಲೆಕ್ಕಗಳನ್ನು ನ್ಯಾಯಮಂಡಲಿಯ ಮುಂದೆ ಇಡಬೇಕೆಂದು ಬ್ಯಾಂಕನ್ನು ಬಲಾತ್ಕರಿಸುವಂತಿಲ್ಲ. ಬೇಕಾದರೆ ಎಷ್ಟನ್ನು ಗಣನೆಗೆ ತರಬಹುದೆಂದು ರಿಸರ್ವ್ ಬ್ಯಾಂಕು ಪ್ರಮಾಣಪತ್ರ ಕೊಡುತ್ತದೆ. ನೌಕರರು ಸುಪ್ರೀಂ ಕೋರ್ಟಿಗೆ ಹೋದರು. 1961ರಲ್ಲಿ ಕೋರ್ಟು ಆ ಕಲಮನ್ನು ಎತ್ತಿಹಿಡಿಯಿತು.

ದಿನವೆಲ್ಲ ಆ ಪುಸ್ತಕಗಳನ್ನು ಬರೆಯುವ ಗುಮಾಸ್ತರೇ ತಮ್ಮ ಸಂಬಳದ ವಿಚಾರಣೆಯಲ್ಲಿ ಅವನ್ನು ತೆರೆಸಲಾರರು! ಇದರಲ್ಲಿ ಬ್ಯಾಂಕುಗಳ ಭಯ ನಿಜವಾದದ್ದೇ ಇರಬಹುದು. ಆದರೂ ನ್ಯಾಯವಾದ ತಕ್ಕಡಿಗೆ ಎರಡು ತಟ್ಟೆಗಳೂ ಕಾಣಬೇಕು. ಮುಚ್ಚಿದ ಪುಸ್ತಕದ ಮೇಲೆ ಕೊಟ್ಟ ತೀರ್ಪನ್ನು ಸೋತವನು ಮನಸಾರೆ ಒಪ್ಪುವುದಿಲ್ಲ.

ರುಜುವಿನ ಕಾಲ

ಹೀಗೆ ತೀರ್ಪುಗಳಿಂದ ದಣಿದ ಇಬ್ಬರೂ ಕೊನೆಗೆ ಎದುರುಬದುರು ಕುಳಿತರು. 1966ರ ಅಕ್ಟೋಬರ್ 19ರಂದು, ಹಲವು ಬ್ಯಾಂಕುಗಳ ಪರವಾಗಿ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ನು, ನೌಕರರ ಪರವಾಗಿ ಅವರ ಅಖಿಲ ಭಾರತ ಸಂಘಗಳು, ಮೊದಲ ದ್ವಿಪಕ್ಷೀಯ ಒಪ್ಪಂದಕ್ಕೆ ರುಜು ಹಾಕಿದರು. ಅಂದಿನಿಂದ ಸಂಬಳಕ್ಕಾಗಿ ಮತ್ತೊಂದು ರಾಷ್ಟ್ರೀಯ ನ್ಯಾಯಮಂಡಲಿ ಬೇಕಾಗಲಿಲ್ಲ. ಹನ್ನೆರಡನೆಯ ಒಪ್ಪಂದಕ್ಕೆ 2024ರ ಮಾರ್ಚಿ 8ರಂದು ರುಜು ಬಿತ್ತು. ಹೆಚ್ಚಳ ನೂರಕ್ಕೆ 17, ಜಾರಿ 2022ರ ನವೆಂಬರಿನಿಂದ.

ಈ ತಾರೀಖುಗಳಲ್ಲೇ ದೋಷವೂ ಕಾಣುತ್ತದೆ. 2022ಕ್ಕೆ ಸಲ್ಲಬೇಕಾದುದು 2024ಕ್ಕೆ ಬಂತು. ಅದರ ಹಿಂದಿನದು 2017ರ ನವೆಂಬರಿಗೆ ಸಲ್ಲಬೇಕಾದುದು, ರುಜು ಬಿದ್ದದ್ದು 2020ರ ನವೆಂಬರಿನಲ್ಲಿ. ನಡುವೆ ನಿವೃತ್ತರಾದವರು, ತೀರಿಹೋದವರು ಎಷ್ಟೋ ಮಂದಿ. ಮಾತುಕತೆ ನಿಧಾನ, ನಡುನಡುವೆ ಮುಷ್ಕರವೂ ಉಂಟು. ಆದರೆ ರುಜು ಬಿದ್ದ ಮೇಲೆ ಅದನ್ನು ಅಸಿಂಧು ಮಾಡಿಸಬೇಕೆಂದು ಯಾರೂ ಕೋರ್ಟಿನ ಮೆಟ್ಟಿಲು ಹುಡುಕಿಕೊಂಡು ಓಡಬೇಕಾಗಿಲ್ಲ. ತಾನೇ ನೆಟ್ಟ ಗಿಡವನ್ನು ಯಾರೂ ಕೀಳುವುದಿಲ್ಲ.

ಒಡಂಬಡಿಕೆಯಿಂದ ಆಗುವ ಕೆಲವು ಕೆಲಸ ತೀರ್ಪಿನಿಂದ ಆಗುವುದೇ ಇಲ್ಲ. ಬ್ಯಾಂಕುಗಳಿಗೆ ಯಂತ್ರ ಬರುವ ಕಾಲಕ್ಕೆ, ಯಂತ್ರ ಬಂದರೆ ಗುಮಾಸ್ತರ ಗತಿಯೇನೆಂಬ ಭಯ ಹಬ್ಬಿತ್ತು. 1983ರಲ್ಲಿ, ಮತ್ತೆ 1987ರಲ್ಲಿ, ಎಲ್ಲಿ ಎಂಥ ಯಂತ್ರ, ಯಾವ ಪ್ರಮಾಣದಲ್ಲಿ ಎಂಬುದನ್ನು ಎರಡು ಕಡೆಯವರೂ ಕುಳಿತು ಬರೆದುಕೊಂಡರು. ಯಂತ್ರ ಬೇಕೋ ಬೇಡವೋ ಎಂದು ನ್ಯಾಯಾಧೀಶರನ್ನು ಕೇಳಿದರೆ ಹೌದು ಅಥವಾ ಇಲ್ಲ ಎಂದಾರು. ಇಷ್ಟಿಷ್ಟಾಗಿ, ಮೆಟ್ಟಿಲು ಮೆಟ್ಟಿಲಾಗಿ ಎಂದು ಹೇಳಬಲ್ಲವರು ಅಲ್ಲಿ ದಿನವೂ ಕೆಲಸ ಮಾಡುವವರೇ. 1993ರ ಅಕ್ಟೋಬರಿನಲ್ಲಿ ಬ್ಯಾಂಕು ನೌಕರರಿಗೆ ಪಿಂಚಣಿ ಬಂದದ್ದೂ ಒಪ್ಪಂದದ ಮೂಲಕವೇ.

ಮೇಜಿಲ್ಲದ ಕಡೆ

ಇಷ್ಟು ಹೇಳಿದ ಮೇಲೆ, ಆರಂಭದಲ್ಲಿ ನೆನೆದ ತರುಣ “ಹಾಗಾದರೆ ಮುಷ್ಕರವೊಂದೇ ಸಾಕು” ಎಂದಾನು. ಅವನಿಗೆ ಉತ್ತರ ಪರೇಲಿನಲ್ಲೂ ಲಾಲಬಾಗಿನಲ್ಲೂ ಇದೆ. ಗಿರಣಿಗಳ ಹೊಗೆಕೊಳವೆಗಳು ನಿಂತಿದ್ದ ಕಡೆ ಇಂದು ಗಗನಚುಂಬಿ ಕಟ್ಟಡಗಳು ನಿಂತಿವೆ. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಒಂದು ವರ್ಷ ಕಳೆದರೂ ರಾಜಿಯಾಗಲಿಲ್ಲ. ಆ ಮುಷ್ಕರವನ್ನು ಯಾರೂ ವಿಧಿವತ್ತಾಗಿ ಹಿಂತೆಗೆದುಕೊಳ್ಳಲೇ ಇಲ್ಲ, ಅದು ಕರಗಿಹೋಯಿತು. ಅದರೊಡನೆ ಸಾವಿರಾರು ಸಂಸಾರಗಳ ಅನ್ನವೂ ಕರಗಿತು.

ಕೈಯಲ್ಲಿ ಬಲವಿರಲಿಲ್ಲವೆ? ಬಲ ಬೇಕಾದಷ್ಟಿತ್ತು. ಬಲವನ್ನು ರುಜುವಾಗಿ ಮಾರ್ಪಡಿಸುವ ಮೇಜು ಇರಲಿಲ್ಲ. 1946ರ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯಿದೆಯ ಪ್ರಕಾರ ಕಾರ್ಮಿಕರ ಪರವಾಗಿ ಮಾತನಾಡುವ ಅಧಿಕಾರ ಒಂದೇ ಪ್ರಾತಿನಿಧಿಕ ಸಂಘಕ್ಕೆ. ಆ ಪಟ್ಟ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘದ ಕೈಯಲ್ಲಿತ್ತು. ಕಾರ್ಮಿಕರು ಮಾತ್ರ ಸಾಮಂತರ ಹಿಂದೆ ಇದ್ದರು. ಕಾಯಿದೆ ಗುರುತಿಸಿದವರ ಹಿಂದೆ ಜನರಿಲ್ಲ, ಜನರು ಹಿಂಬಾಲಿಸಿದವರನ್ನು ಕಾಯಿದೆ ಗುರುತಿಸದು. ಯಾರೊಡನೆ ರಾಜಿ? ಯಾರ ರುಜು? ಆ ಕಾಯಿದೆಯನ್ನು ತೆಗೆಯಬೇಕೆಂಬುದೂ ಮುಷ್ಕರದವರ ಬೇಡಿಕೆಗಳಲ್ಲಿ ಒಂದಾಗಿತ್ತು. ಮಾಲಿಕರು ಕಾದರು, ಸರಕಾರವೂ ಕಾದಿತು. ಕಾಯಲಾರದವರು ಕಾರ್ಮಿಕರು ಮಾತ್ರ. ಗಿರಾಕಿಯ ಪ್ರಶ್ನೆಗೂ ತರುಣನ ಪ್ರಶ್ನೆಗೂ ಇದೊಂದೇ ಉದಾಹರಣೆ ಸಾಕು: ಕಾಯಿದೆಯೊಂದರಿಂದಲೇ ಆಗುವುದಿಲ್ಲ, ಮುಷ್ಕರವೊಂದರಿಂದಲೇ ಆಗುವುದಿಲ್ಲ, ನಂಬಿಕೆಯ ಪ್ರತಿನಿಧಿ ಬೇಕು, ಅವನನ್ನು ಕೂರಿಸುವ ಮೇಜು ಬೇಕು.

ಹೊಸ ಸಂಹಿತೆ

1947ರ ಕಾಯಿದೆ ಈಗ ಇಲ್ಲ. ಅದರ ಜಾಗಕ್ಕೆ ಸಂಸತ್ತು 2020ರಲ್ಲಿ ಅಂಗೀಕರಿಸಿದ ಔದ್ಯೋಗಿಕ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ ಒಳಿತು ಕೆಡಕುಗಳ ಚರ್ಚೆ ದೊಡ್ಡದು. ನಮ್ಮ ವಿಷಯಕ್ಕೆ ಬೇಕಾದಷ್ಟನ್ನೇ ಹೇಳುತ್ತೇವೆ.

ಮೊದಲನೆಯದಾಗಿ, ಒಂದು ಸಂಸ್ಥೆಯ ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ನೂರಕ್ಕೆ 51 ಮಂದಿಯ ಬೆಂಬಲವಿರುವ ಸಂಘ ಮಾತುಕತೆಯ ಸಂಘವಾಗುತ್ತದೆ. ಯಾರಿಗೂ ಅಷ್ಟಿಲ್ಲದಿದ್ದರೆ ನೂರಕ್ಕೆ 20ಕ್ಕೆ ಕಡಿಮೆಯಿಲ್ಲದಷ್ಟು ಬೆಂಬಲವಿರುವ ಸಂಘಗಳ ಪ್ರತಿನಿಧಿಗಳು ಸೇರಿ ಒಂದು ಮಂಡಲಿಯಾಗುತ್ತದೆ. ಎರಡನೆಯದಾಗಿ, ಸಂಧಾನ ಮುರಿದುಬಿದ್ದರೆ ಸರಕಾರ ವ್ಯಾಜ್ಯವನ್ನು ಒಪ್ಪಿಸಲೆಂದು ಕಾಯಬೇಕಾಗಿಲ್ಲ. ಕಕ್ಷಿಗಾರರು ತಾವೇ ನ್ಯಾಯಮಂಡಲಿಗೆ ಹೋಗಬಹುದು. ಮೂರನೆಯದಾಗಿ, ಮುಷ್ಕರಕ್ಕೆ ಹದಿನಾಲ್ಕು ದಿನಗಳ ಮುನ್ಸೂಚನೆಯ ನಿಯಮ ಈಗ ಎಲ್ಲ ಕೈಗಾರಿಕೆಗಳಿಗೂ ಅನ್ವಯಿಸುತ್ತದೆ. ಸಂಧಾನ ನಡೆಯುತ್ತಿರುವಾಗ ಮುಷ್ಕರ ಹೂಡುವಂತಿಲ್ಲ. ಅರ್ಧದಷ್ಟು ಕಾರ್ಮಿಕರು ಒಟ್ಟಿಗೆ ರಜೆ ಹಾಕಿದರೆ ಅದೂ ಮುಷ್ಕರವೇ. ನಾಲ್ಕನೆಯದಾಗಿ, ಇಬ್ಬರೂ ಬರೆದುಕೊಟ್ಟು ಮಧ್ಯಸ್ಥನನ್ನು ಆರಿಸುವ ದಾರಿ ಹಿಂದಿನಂತೆಯೇ ತೆರೆದಿದೆ.

ಮುಷ್ಕರದ ಬಾಗಿಲು ಇಷ್ಟು ಕಿರಿದಾದ ಮೇಲೆ ಪಂಚಾಯಿತಿಯ ಬಾಗಿಲು ಅಷ್ಟು ಅಗಲವಾಗಬೇಕಾದುದು ನ್ಯಾಯ. ಅದು ಅಗಲವಾಗುವುದು ಬರಿಯ ಬರಹದಿಂದಲ್ಲ. ಮಾಲಿಕರು ಲೆಕ್ಕ ತೆರೆಯುವುದರಿಂದ, ನ್ಯಾಯಮಂಡಲಿಗಳ ಪೀಠಗಳು ಖಾಲಿ ಬೀಳದಿರುವುದರಿಂದ.

ಆದರೆ ಹಾಜರಿ ಪಟ್ಟಿಯೆಂಬ ಮಾತನ್ನು ಇನ್ನೊಮ್ಮೆ ಗಮನಿಸಿ. ನಮ್ಮ ಬ್ಯಾಂಕುಗಳನ್ನೇ ನೋಡಿ. ಬಾಗಿಲಲ್ಲಿ ನಿಂತ ಕಾವಲುಗಾರ, ನೋಟಿನ ಗಾಡಿಯ ಚಾಲಕ, ನೆಲ ಗುಡಿಸುವ ಹೆಂಗಸು, ಇವರಲ್ಲಿ ಬಹುಮಂದಿ ಗುತ್ತಿಗೆದಾರನ ಪಟ್ಟಿಯಲ್ಲಿದ್ದಾರೆ, ಬ್ಯಾಂಕಿನ ಪಟ್ಟಿಯಲ್ಲಿಲ್ಲ. ಹನ್ನೆರಡು ಒಪ್ಪಂದಗಳಿಗೆ ನಮ್ಮ ಪರವಾಗಿ ರುಜು ಬಿದ್ದಿತು. ಅವರ ಪರವಾಗಿ ಒಂದಕ್ಕೂ ಬೀಳಲಿಲ್ಲ. ಅದೇ ಬಾಗಿಲಿನಿಂದ ಒಳಗೆ ಬಂದು ಅದೇ ಬಾಗಿಲಿನಿಂದ ಹೊರಗೆ ಹೋಗುವವರಿಗೆ ಮಾತುಕತೆಯ ಮೇಜೇ ಇಲ್ಲವೆಂದರೆ, ಮೇಜಿನ ಬಳಿ ಕುಳಿತ ನಮಗೆ ಅದು ಭೂಷಣವಲ್ಲ. 1920ರಲ್ಲಿ ಅಹಮದಾಬಾದು ಕಲಿಸಿದ ಪಾಠ ಅವರಿಗೂ ಸಲ್ಲುತ್ತದೆ: ಮೊದಲು ಸಂಘ, ಆಮೇಲೆ ಪಂಚಾಯಿತಿ. ಆ ಸಂಘ ಕಟ್ಟಲು ಕೈಕೊಡಬೇಕಾದವರು ಕಟ್ಟಿ ಬಲ್ಲವರು, ಎಂದರೆ ನಾವು.

ನಾಲ್ಕು ಅರಿಕೆಗಳು

ಕೊನೆಯದಾಗಿ, ಈ ಸಭೆಯಲ್ಲಿ ಕುಳಿತಿರುವ ದುಡಿಯುವ ಬಂಧುಗಳಲ್ಲಿ ನಾಲ್ಕು ಅರಿಕೆಗಳಿವೆ.

ಒಂದು, ಬೇಡಿಕೆಯನ್ನು ಬರಹದಲ್ಲಿಡಿ, ಲೆಕ್ಕದೊಡನೆ ಇಡಿ. ಸಿಟ್ಟಿಗೆ ಪಂಚಾಯಿತಿ ಮಾಡಲು ಬರುವುದಿಲ್ಲ, ಅಂಕಿಗೆ ಬರುತ್ತದೆ. 50 ಕೇಳುವ ಮೊದಲು 35 ಏಕೆ ನ್ಯಾಯವೆಂದು ನಮಗೆ ನಾವೇ ಹೇಳಿಕೊಳ್ಳಬೇಕು.

ಎರಡು, ತೀರ್ಪು ಬರುವವರೆಗಿನ ಏರ್ಪಾಡನ್ನು ಮೊದಲು ಮಾಡಿಕೊಳ್ಳಿ. ಇಪ್ಪತ್ತೇಳೂವರೆಯಂಥ ನಡುವಣ ಅಂಕಿಯಿಲ್ಲದೆ ಹೋದರೆ ಹೊಟ್ಟೆ ತೀರ್ಪಿನವರೆಗೆ ಕಾಯುವುದಿಲ್ಲ.

ಮೂರು, ಪಂಚಾಯಿತಿಗೆ ಹೋಗುವುದಾದರೆ ಕಟ್ಟುಬೀಳುವ ಮಾತು ಮೊದಲೇ ಆಗಲಿ. ರಾಜ್ಯೋತ್ಸವದ ವೇಳೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ಗಡಿಯ ವರದಿ ಕೊಟ್ಟಿತು. ಒಂದು ರಾಜ್ಯ ಒಪ್ಪಿತು, ಇನ್ನೊಂದು ಒಪ್ಪಲಿಲ್ಲ. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ ಕುಳಿತಿದೆ. ಎರಡು ರಾಜ್ಯಗಳ ಅನ್ನವನ್ನೂ ಉಂಡ ನಾವು ಅದರ ಸರಿತಪ್ಪನ್ನು ಇಲ್ಲಿ ಎಣಿಸುವುದಿಲ್ಲ. ಇಬ್ಬರೂ ಮೊದಲೇ ಕಟ್ಟುಬೀಳದ ತೀರ್ಪು ಬರಿಯ ಕಾಗದವೆಂಬುದಷ್ಟೇ ನಮ್ಮ ಮಾತು.

ನಾಲ್ಕು, ಓದದೆ ರುಜು ಹಾಕಬೇಡಿ. ಊರಿನಿಂದ ಹೊಸದಾಗಿ ಬಂದ ಹುಡುಗ ತನಗೆ ಬಾರದ ಭಾಷೆಯ ಕಾಗದಕ್ಕೆ ಹೆಬ್ಬೆಟ್ಟೊತ್ತಿದಂತೆ ರುಜು ಹಾಕಿ ಕೆಲಸಕ್ಕೆ ಸೇರುತ್ತಾನೆ. ಅದು ನೇಮಕದ ಪತ್ರವೋ, ರಾಜೀನಾಮೆಯೋ, ಬಾಕಿಯೆಲ್ಲ ಸಂದಿತೆಂಬ ರಸೀತಿಯೋ ಅವನಿಗೆ ತಿಳಿಯದು. ಒಂದು ಕಾಲದಲ್ಲಿ ಈ ಊರಿನ ಕನ್ನಡ ರಾತ್ರಿಶಾಲೆಗಳು ಹೋಟೆಲಿನ ಹುಡುಗರಿಗೆ ಅಕ್ಷರ ಕಲಿಸಿದವು. ನಮ್ಮ ವಾಚನಾಲಯದಲ್ಲಿ ವಾರಕ್ಕೊಂದು ಸಂಜೆ, ಬಂದವರ ಕಾಗದವನ್ನು ಓದಿ ಅದರಲ್ಲಿ ಏನಿದೆಯೆಂದು ಕನ್ನಡದಲ್ಲಿ ಹೇಳುವ ಏರ್ಪಾಡಾಗಲಿ. ಬ್ಯಾಂಕುಗಳಲ್ಲಿ ದುಡಿಯುವ ನಾವು ಕೆಲವರು ಸರದಿಯ ಮೇಲೆ ಬಂದು ಕೂರಲು ಸಿದ್ಧರಿದ್ದೇವೆ. ಸಂಘ ಒಂದು ಮೇಜು, ಎರಡು ಕುರ್ಚಿ ಒದಗಿಸಿಕೊಟ್ಟರೆ ಸಾಕು.